ಮುಯ್ಯಿ ಕಳಿಸುವ ಮುಂಚೆ

ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ಹಿತ್ತಾಳೆ ಚೊಂಬಿದೆ. ನಾವು ಇಂಗ್ಲೆಂಡಿಗೆ ಹೊರಟಾಗ ಅಮ್ಮ ಸೀರೆಗಳ ನಡುವೆ ಸುತ್ತಿ ಸೂಟ್‌ಕೇಸಿಗೆ ತುರುಕಿದ್ದು. ಅದರ ಕಂಠದ ಸುತ್ತ ಉಡುಗೊರೆ ಕೊಟ್ಟವರ ಹೆಸರು, ಅಪ್ಪ ಅಮ್ಮನ ಹೆಸರು, ಮದುವೆಯ ತಾರೀಖು ಎಲ್ಲವನ್ನೂ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದಾರೆ. 17-5-1970. ನಿಮ್ಮ ಅಡುಗೆಮನೆಯಲ್ಲೂ ಇಂಥದ್ದೊಂದು ಪಾತ್ರೆ ಇದ್ದೇ ಇರುತ್ತದೆ, ಹುಡುಕಿ ನೋಡಿ.

ಈ ಸಲ ಯುಗಾದಿಗೆ ಅದನ್ನು ಹುಣಸೆಹಣ್ಣು ಹಾಕಿ ಉಜ್ಜು ಎಂದು ಮಗಳ ಕೈಗೆ ಕೊಟ್ಟೆ. ಅವಳಿಗೆ 12. ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಪಾತ್ರೆಯ ಮೇಲಿನ ಹೆಸರು, ಅಂಗಡಿಯ ಬೋರ್ಡು, ಹಪ್ಪಳದ ಪ್ಯಾಕೆಟ್ಟು, ಕಂಡಿದ್ದನ್ನೆಲ್ಲ ಓದಿಸುವ ನನ್ನ ಚಟದ ಬಗ್ಗೆ ಹಿಂದೊಮ್ಮೆ ಇಲ್ಲೇ ಬರೆದಿದ್ದೆ. ಹೆಸರು ಓದಿದಳು, ತಾರೀಖು ಓದಿದಳು, ಆಮೇಲೆ ಉಜ್ಜುವುದನ್ನು ನಿಲ್ಲಿಸಿದಳು.

"ಅಜ್ಜಿ ಹುಟ್ಟಿದ್ದು 1956 ಅಲ್ವಾ ಅಮ್ಮ?"

"ಹೂಂ."

"ಹಾಗಾದ್ರೆ ಇದು ತಪ್ಪು ಬರೆದಿದಾರೆ."

ತಪ್ಪೇನೂ ಬರೆದಿರಲಿಲ್ಲ. ಕಳೆಯುವ ಲೆಕ್ಕ ಸರಿಯಾಗಿತ್ತು. ಹದಿನಾಲ್ಕು. ಅವಳ ಕ್ಲಾಸಿಗಿಂತ ಎರಡು ಕ್ಲಾಸು ಮುಂದಿರುವ ಹುಡುಗಿಯರ ವಯಸ್ಸು.

ನಾನು ಏನು ಹೇಳಿದೆ ಗೊತ್ತೆ? "ಆಗಿನ ಕಾಲದಲ್ಲಿ ಹಾಗೇ ಇತ್ತು ಪುಟ್ಟ. ಅಜ್ಜೀನ ಮದುವೆ ಮಾಡಿಕೊಟ್ರು." ಇಷ್ಟು ಹೇಳಿ ಒಬ್ಬಟ್ಟಿನ ಹೂರಣದ ಕಡೆ ತಿರುಗಿಕೊಂಡೆ. ಅವಳು ಬಿಡಲಿಲ್ಲ. "ಕೊಟ್ರು ಅಂದ್ರೆ? ಯಾರು ಕೊಟ್ರು? ಯಾರಿಗೆ ಕೊಟ್ರು?"

ಎರಡು ಭಾಷೆಯಲ್ಲಿ ಬೆಳೆಯುವ ಮಕ್ಕಳಿಗೆ ಇದೊಂದು ಗುಣ ಇರುತ್ತದೆ. ನಾವು ಹುಟ್ಟಿದಾಗಿನಿಂದ ಕೇಳಿ ಕೇಳಿ ಕಿವಿಗೆ ಬೀಳದೇ ಹೋದ ಮಾತು ಅವರಿಗೆ ತಟ್ಟನೆ ಕೇಳಿಸುತ್ತದೆ. ಹೆಣ್ಣು ಕೊಡುವುದು, ಹೆಣ್ಣು ತರುವುದು, ಕೊಟ್ಟ ಹೆಣ್ಣು ಕುಲದ ಹೊರಗೆ. "ಅವರ ಮನೆಗೆ ಗಂಡು ಕೊಟ್ಟೆವು" ಎಂದು ಯಾರಾದರೂ ಅಂದಿದ್ದನ್ನು ನೀವು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಮದುವೆ 'ಆಗುವುದು' ಬೇರೆ, ಮದುವೆ 'ಮಾಡಿಕೊಡುವುದು' ಬೇರೆ ಎಂದು ಅವಳಿಗೆ ವ್ಯಾಕರಣ ಹೇಳಲು ಹೋಗಿ ನಾನೇ ಸಿಕ್ಕಿಬಿದ್ದೆ.

ಇದಾಗಿ ಮೂರು ವಾರಕ್ಕೆ ಅಮ್ಮನ ಫೋನು. ನಮ್ಮೂರು ಮಂಡ್ಯದ ಕಡೆ. ಅಮ್ಮನ ಮನೆಗೆ ಕಸ ಮುಸುರೆಗೆ ಬರುವ ಹೆಂಗಸಿನ ಮಗಳಿಗೆ ಮದುವೆ ಗೊತ್ತಾಗಿದೆಯಂತೆ, ಹನ್ನೊಂದು ದಿನಕ್ಕೆ ಮುಹೂರ್ತ. "ನಮ್ಮನೇಲಿ ಇಷ್ಟು ವರ್ಷ ದುಡಿದವ್ಳೆ. ನಿನ್ನ ಲೆಕ್ಕದಾಗೆ ಒಂದು ಹತ್ತು ಸಾವಿರ ಮುಯ್ಯಿ ಬರೆಸ್ತೀನಿ ಕಣೆ." ನಾನು ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಆಯಿತು ಎಂದೆ, ಬಸ್ಸು ಬರುವಷ್ಟರಲ್ಲಿ ದುಡ್ಡು ಹೋಗಿತ್ತು.

ಮುಯ್ಯಿ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಮದುವೆಯ ಚಪ್ಪರದ ಒಂದು ಮೂಲೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಕೊಟ್ಟರು ಎಂದು ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯ ಮದುವೆಗೆ ಅಷ್ಟನ್ನು, ಸಾಧ್ಯವಾದರೆ ಒಂದು ಹಿಡಿ ಜಾಸ್ತಿಯನ್ನು ಹಿಂದಿರುಗಿಸಬೇಕು. ಬ್ಯಾಂಕಿನ ಮುಖ ನೋಡದ ಊರುಗಳು ಮದುವೆಯ ಖರ್ಚು ನೀಗಿಸಿಕೊಂಡಿದ್ದೇ ಹೀಗೆ. (ಸೇಡಿಗೂ ನಾವು ಮುಯ್ಯಿ ಅಂತಲೇ ಅನ್ನುತ್ತೇವೆ, ಅದೂ ತೀರಿಸಬೇಕಾದ ಲೆಕ್ಕವೇ.)

ಅವತ್ತು ರಾತ್ರಿ ಊಟದ ಹೊತ್ತಲ್ಲಿ ಮಗಳಿಗೆ ಹೇಳಿದೆ, ನೆನಪಿದೆಯಾ, ಊರಿಗೆ ಹೋದಾಗ ನಿನಗೆ ಅಳಗುಳಿಮಣೆ ಹೇಳಿಕೊಟ್ಟ ಅಕ್ಕ, ಅವಳಿಗೆ ಮದುವೆಯಂತೆ. ಮಗಳು ಚಮಚ ಕೆಳಗಿಟ್ಟಳು. "ಅವಳು ನನಗಿಂತ ನಾಲ್ಕೇ ವರ್ಷ ದೊಡ್ಡವಳು."

ಮೂರು ವಾರದ ಹಿಂದೆ ಚೊಂಬು ಹಿಡಿದು ಪಾಠ ಕಲಿತವಳು ನಾನು. ಆ ಹುಡುಗಿಯ ವಯಸ್ಸೆಷ್ಟು ಎಂದು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಮದುವೆ ಎಂದಾಕ್ಷಣ ನನ್ನ ಕೈ ತಾನಾಗಿ ಪರ್ಸಿಗೆ ಹೋಯಿತು. ಇದನ್ನು ನಿಮ್ಮ ಮುಂದೆ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇಂಥ ಫೋನು ನಿಮಗೂ ಬರುತ್ತದೆ.

ಬಾಲ್ಯವಿವಾಹ ಎಂದರೆ ನಮ್ಮ ಮನಸ್ಸಿಗೆ ಬರುವುದು ರಾಜಸ್ಥಾನದ ಪುಟ್ಟ ಮಕ್ಕಳ ಕಪ್ಪು ಬಿಳುಪು ಚಿತ್ರ. ಅದು ಎಂದೋ ಮುಗಿದ ಕಥೆ ಎಂದುಕೊಂಡಿರುತ್ತೇವೆ. ಮುಗಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳನ್ನು ಕೇಳಿದಾಗ, ಕರ್ನಾಟಕದಲ್ಲಿ ನೂರಕ್ಕೆ 21 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ಇಡೀ ದೇಶದ ಲೆಕ್ಕ ನೂರಕ್ಕೆ 23. ಇಳಿದಿಲ್ಲ ಎಂದಲ್ಲ, 2005-06ರಲ್ಲಿ ದೇಶದ ಅಂಕಿ 47 ಇತ್ತು. ಅರ್ಧಕ್ಕಿಂತ ಕೆಳಗೆ ಬಂದಿದ್ದು ಸಣ್ಣ ಕೆಲಸವಲ್ಲ. ಆದರೆ ನಮ್ಮ ರಾಜ್ಯದಲ್ಲಿ ಕೊನೆಯ ಎರಡು ಸಮೀಕ್ಷೆಗಳ ನಡುವೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಸುಲಭಕ್ಕೆ ಇಳಿಯುವುದೆಲ್ಲ ಇಳಿದಾಗಿದೆ, ಉಳಿದಿರುವುದು ಗಟ್ಟಿ ಗಂಟು.

ಕಾನೂನಿನ ವಿಷಯದಲ್ಲಿ ನಮ್ಮವರು ಹಿಂದೆ ಬಿದ್ದವರೇನಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ಅದಕ್ಕೂ 35 ವರ್ಷ ಮೊದಲೇ, 1894ರಲ್ಲಿ, ಮೈಸೂರು ಸಂಸ್ಥಾನ ಶಿಶುವಿವಾಹ ತಡೆಯುವ ಕಾಯ್ದೆ ಮಾಡಿತ್ತು. ಎಂಟು ವರ್ಷದೊಳಗಿನ ಹೆಣ್ಣುಮಗುವಿಗೆ ಮದುವೆ ಮಾಡುವಂತಿಲ್ಲ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವಂತಿಲ್ಲ. ಎಂಟು! ಇಷ್ಟನ್ನು ಬೇಡ ಅನ್ನುವುದಕ್ಕೂ ಒಂದು ಕಾಯ್ದೆ ಬೇಕಾಗಿತ್ತು. ನನ್ನ ಅಮ್ಮನ ಮದುವೆಯಾದ 1970ರಲ್ಲಿ ಹೆಣ್ಣಿಗೆ ಕನಿಷ್ಠ 15 ಎಂದು ಕಾನೂನಿತ್ತು. 1978ರಲ್ಲಿ ಅದು 18 ಆಯಿತು. ಅಂದರೆ ಆ ಚೊಂಬಿನ ಮೇಲೆ ಕೆತ್ತಿದ ಮದುವೆ ಕಾನೂನಿಗೆ ವಿರುದ್ಧವಾದದ್ದೇ. ಕೆತ್ತಿದವನಿಗೂ ಗೊತ್ತಿರಲಿಲ್ಲ, ಶಾಸ್ತ್ರ ಮಾಡಿಸಿದವರಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಈಗಿನದು 2006ರ ಕಾಯ್ದೆ. ದೇಶದ ಕಾಯ್ದೆಯ ಪ್ರಕಾರ ಇಂಥ ಮದುವೆಯನ್ನು ಆ ಹುಡುಗಿಯೋ ಹುಡುಗನೋ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬಹುದು, ಹೋಗದಿದ್ದರೆ ಮದುವೆ ನಿಂತಂತೆಯೇ. ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಗಿ, ಬಾಲ್ಯವಿವಾಹ ಮೊದಲಿನಿಂದಲೇ ಮದುವೆಯೇ ಅಲ್ಲ ಎಂದು ತಿದ್ದುಪಡಿ ಮಾಡಿಕೊಂಡಿತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ ಈ ವಿಷಯವನ್ನೇ ಅಧ್ಯಯನ ಮಾಡಿ 2011ರಲ್ಲಿ ವರದಿ ಕೊಟ್ಟಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ತಿದ್ದುಪಡಿಯನ್ನು ಮೆಚ್ಚಿ, ಬೇರೆ ರಾಜ್ಯಗಳೂ ಹೀಗೆ ಮಾಡಲಿ ಎಂದಿತು.

ನನ್ನಂಥವರು ಗಮನಿಸಬೇಕಾದ ಮಾತು ಕಾಯ್ದೆಯಲ್ಲಿ ಬೇರೆ ಇದೆ. ಮದುವೆ ಮಾಡಿಸುವವರಷ್ಟೇ ಅಲ್ಲ, ಅದಕ್ಕೆ ಪ್ರೋತ್ಸಾಹ ಕೊಡುವವರು, ಹೋಗಿ ಅಕ್ಷತೆ ಹಾಕಿ ಬರುವವರು ಕೂಡ ಶಿಕ್ಷೆಗೆ ಗುರಿ. ಬಸ್‌ಸ್ಟಾಪಿನಲ್ಲಿ ನಿಂತು ಮುಯ್ಯಿ ಕಳಿಸಿದವಳು ಇದರಲ್ಲಿ ಎಲ್ಲಿ ಬರುತ್ತಾಳೆ ಎಂದು ವಕೀಲರನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ.

ಅಮ್ಮನಿಗೆ ಫೋನು ಮಾಡಿದೆ. "ದುಡ್ಡು ಕಳಿಸಿಬಿಟ್ಟು ಈಗ ವಯಸ್ಸು ಕೇಳ್ತೀಯಲ್ಲ. ಹದಿನಾರು ತುಂಬೈತೆ. ನಂಗೆ ಹದಿನಾಲ್ಕಕ್ಕೆ ಆಯ್ತು, ನಾನೇನು ಕೆಟ್ಟುಹೋದ್ನಾ?" ಅಂದಳು. ಚಿಕ್ಕಪ್ಪನ ಮಗನಿಗೆ ಮಾಡಿದೆ. ಅವನು ಹೇಳಿದ್ದು ಇನ್ನೂ ಚುಚ್ಚುತ್ತಿದೆ: "ಅಕ್ಕ, ನೀನು ಅಲ್ಲಿ ಕೂತು ಹೇಳೋದು ಸುಲಭ. ನಾಳೆ ಬೆಳಗಾದ್ರೆ ಅವರ ಮುಖ ನೋಡಬೇಕಾದೋರು ನಾವು." ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದು ಅರ್ಧ ನಿಜ. ಇನ್ನರ್ಧ, ಆ ಹುಡುಗಿ ಯಾರ ಮುಖ ನೋಡಬೇಕಾಗುತ್ತದೆ ಎನ್ನುವುದು.

ಮರುದಿನ ವಿಡಿಯೋ ಕಾಲಿನಲ್ಲಿ ಮಗಳು ಫೋನು ಕಿತ್ತುಕೊಂಡಳು. ಅವಳ ಅರೆಬರೆ ಕನ್ನಡದಲ್ಲಿ ಕೇಳಿದಳು: "ಅಜ್ಜಿ, ನಿಂಗೆ ಮದುವೆ ಆದಾಗ ಸ್ಕೂಲ್ ಏನಾಯ್ತು?"

ನಾನು ಈ ನಲವತ್ತು ವರ್ಷದಲ್ಲಿ ಕೇಳದೇ ಇದ್ದ ಪ್ರಶ್ನೆ. ಅಮ್ಮ ಸ್ವಲ್ಪ ಹೊತ್ತು ಸೀರೆ ಸೆರಗಿನಲ್ಲಿ ಕನ್ನಡಕ ಒರೆಸಿದಳು. ಏಳನೇ ಕ್ಲಾಸಿನ ಪರೀಕ್ಷೆ ಬರೆದಿದ್ದಳಂತೆ. ಫಲಿತಾಂಶ ಬರುವಷ್ಟರಲ್ಲಿ ಮದುವೆಯಾಗಿ ಬೇರೆ ಊರು ಸೇರಿದ್ದಳು. ಶಾಲೆಗೆ ಹೋಗಿ ನೋಡಿಕೊಂಡು ಬರೋಣ ಎಂದು ಅಪ್ಪನ ಮನೆಯಲ್ಲಿ ಯಾರಿಗೂ ಅನಿಸಲಿಲ್ಲ. "ಪಾಸೋ ಫೇಲೋ ನಂಗೆ ಇವತ್ತಿಗೂ ಗೊತ್ತಿಲ್ಲ ಮಗ" ಅಂದಳು. ಆಮೇಲೆ, "ಲೆಕ್ಕ ಚೆನ್ನಾಗಿ ಮಾಡಿದ್ದೆ" ಅಂತ ಸೇರಿಸಿದಳು.

ಆ ಸಂಜೆ ಯಾರೂ ಹೇಳದೆ ಅಮ್ಮ ತಾನೇ ಹುಡುಗಿಯ ಮನೆಗೆ ಹೋದಳು.

ಆ ತಾಯಿ ಹೇಳಿದ್ದನ್ನು ಅಮ್ಮ ನನಗೆ ಹೇಳಿದಂತೆಯೇ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಕೆಟ್ಟವರು ಯಾರೂ ಇಲ್ಲ. ಹುಡುಗಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಪಿಯುಸಿಗೆ ಸೇರಿದ್ದಳು. ಕಾಲೇಜು ಇರುವುದು ತಾಲ್ಲೂಕು ಕೇಂದ್ರದಲ್ಲಿ. ಹೆಂಗಸರಿಗೆ ಬಸ್ಸು ಉಚಿತವಾಗಿದ್ದು ನಿಜ, ಆದರೆ ಊರಿಗೆ ಬರುವುದು ಬೆಳಗ್ಗೆ ಒಂದು, ಸಂಜೆ ಒಂದು. ಸಂಜೆಯದು ತಪ್ಪಿದರೆ ಮುಖ್ಯರಸ್ತೆಯಲ್ಲಿಳಿದು ಕತ್ತಲಲ್ಲಿ ನಡೆಯಬೇಕು. ಮಳೆಗಾಲದಲ್ಲಿ ಎರಡು ಸಲ ಹಾಗಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಯಾವನೋ ಹುಡುಗ ಮಾತಾಡಿಸಿದ ಎಂದು ಯಾರೋ ಬಂದು ಹೇಳಿದರು. ಕಾಲೇಜು ಬಿಡಿಸಿದರು. ಆಮೇಲೆ ಮನೆಯಲ್ಲಿ ಸುಮ್ಮನೆ ಕೂತ ಹುಡುಗಿ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಾನೆ, ಅಮ್ಮ ನಾಲ್ಕು ಮನೆ ಕೆಲಸಕ್ಕೆ ಹೋಗುತ್ತಾಳೆ. "ಹಗಲೆಲ್ಲ ಅವಳ ಕಾವಲು ಕಾಯೋರು ಯಾರಕ್ಕ? ನಾಳೆ ಏನಾದ್ರೂ ಆದ್ರೆ ನೀವೇ ಆಡಿಕೊಳ್ತೀರ." ಅಜ್ಜನಿಗೆ ಬೇರೆ ಹುಷಾರಿಲ್ಲ, ಕಣ್ಮುಚ್ಚುವುದರೊಳಗೆ ಮೊಮ್ಮಗಳ ಮದುವೆ ನೋಡಬೇಕಂತೆ. ಹುಡುಗ ಸಂಬಂಧದೊಳಗೇ, ವರದಕ್ಷಿಣೆ ಕೇಳಿಲ್ಲ. ಎರಡು ವರ್ಷ ಬಿಟ್ಟರೆ ಇಂಥ ಸಂಬಂಧ ಸಿಗುತ್ತದೆಯೆ?

ಊರಿಗೊಂದು ಕಾರಣ ಇರುತ್ತದೆ. ಕಬ್ಬು ಕಡಿಯಲು ಗುಳೆ ಹೋಗುವ ಕಡೆ, ದೊಡ್ಡ ಹುಡುಗಿಯನ್ನು ಒಬ್ಬಳನ್ನೇ ಬಿಟ್ಟು ಹೋಗುವುದು ಹೇಗೆ ಎಂಬ ಭಯ. ಅಕ್ಕನ ಚಪ್ಪರದಲ್ಲೇ ತಂಗಿಯದೂ ಮುಗಿದರೆ ಒಂದೇ ಖರ್ಚು ಎಂಬ ಲೆಕ್ಕ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ನಾಲ್ಕು ಜನರಲ್ಲಿ ಸದ್ದಿಲ್ಲದೆ ಮುಗಿಸಬಹುದೆಂಬ ಅನುಕೂಲ. ಎಲ್ಲದರ ತಳದಲ್ಲಿ ಮಾತ್ರ ಒಂದು ಸಮಾನ ಅಂಶ ಕಾಣುತ್ತದೆ ನನಗೆ. ಹುಡುಗಿ ಶಾಲೆ ಬಿಟ್ಟ ಮೇಲೆ ಮದುವೆ ಬರುತ್ತದೆ, ಮದುವೆಗಾಗಿ ಶಾಲೆ ಬಿಡಿಸುವುದು ಅಷ್ಟು ಹೆಚ್ಚಿಲ್ಲ. ನನ್ನ ಅಮ್ಮನ ಕಾಲಕ್ಕೂ ಈಗಿಗೂ ವ್ಯತ್ಯಾಸ ಅದೇ. ಹಾಗಾಗಿ ಬಸ್ಸು, ಹಾಸ್ಟೆಲ್ಲು, ಶೌಚಾಲಯ ಇವು ಪೊಲೀಸರಿಗಿಂತ ಹೆಚ್ಚು ಮದುವೆ ನಿಲ್ಲಿಸುತ್ತವೆ ಎಂದೇ ನನ್ನ ನಂಬಿಕೆ. ಹದಿನೆಂಟರವರೆಗೆ ಮದುವೆಯಾಗದಿದ್ದರೆ ಮಾತ್ರ ದುಡ್ಡು ಕೈಗೆ ಸಿಗುವ ಭಾಗ್ಯಲಕ್ಷ್ಮಿ ಯೋಜನೆಯ ಹಿಂದಿನ ಯೋಚನೆಯೂ ಇಂಥದ್ದೇ.

ಪೊಲೀಸರ ದಾರಿಯೇ ಮುಖ್ಯವಾದರೆ ಏನಾಗುತ್ತದೆ ಎನ್ನುವುದನ್ನು 2023ರಲ್ಲಿ ಅಸ್ಸಾಂನಲ್ಲಿ ನೋಡಿದೆವು. ಸಾವಿರಾರು ಜನರ ಬಂಧನವಾಯಿತು, ಠಾಣೆಗಳ ಮುಂದೆ ಮಗು ಎತ್ತಿಕೊಂಡ ಚಿಕ್ಕ ಚಿಕ್ಕ ಹೆಂಡತಿಯರು ಅಳುತ್ತಾ ನಿಂತರು. ಮರುವರ್ಷ ಸುಪ್ರೀಂ ಕೋರ್ಟ್ ಕೂಡ ತಡೆಯುವುದಕ್ಕೇ ಮೊದಲ ಆದ್ಯತೆ ಇರಲಿ, ಶಿಕ್ಷೆ ಕೊನೆಯ ಮಾತಾಗಲಿ ಎಂಬರ್ಥದ ತೀರ್ಪು ಕೊಟ್ಟಿತು.

ನಮ್ಮೂರಿನಲ್ಲಿ ಏನಾಯಿತು? ಮುಹೂರ್ತಕ್ಕೆ ನಾಲ್ಕು ದಿನ ಇದ್ದಾಗ ಯಾರೋ 1098ಕ್ಕೆ ಫೋನು ಮಾಡಿದ್ದರು. ಮಕ್ಕಳ ಸಹಾಯವಾಣಿ ಅದು, ಹೆಸರು ಹೇಳದೆಯೂ ದೂರು ಕೊಡಬಹುದು. ಯಾರು ಮಾಡಿದರೋ ಗೊತ್ತಿಲ್ಲ. ಅಮ್ಮ ತಾನಲ್ಲ ಅನ್ನುತ್ತಾಳೆ, ಚಿಕ್ಕಪ್ಪನ ಮಗ ಮಾತು ಬದಲಿಸುತ್ತಾನೆ. ಪಿಡಿಒ, ಸಿಡಿಪಿಒ ಕಚೇರಿಯವರು, ಪೊಲೀಸರು ಬಂದರು. ಶಾಲೆಯ ದಾಖಲೆ ನೋಡಿದರು. ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂದು ಅಪ್ಪ ಅಮ್ಮನ ಹತ್ತಿರ ಮುಚ್ಚಳಿಕೆ ಬರೆಸಿಕೊಂಡರು. ಕಟ್ಟಿದ್ದ ಚಪ್ಪರ ಬಿಚ್ಚಿದರು.

ಗೆದ್ದೆವು ಎಂದು ನಾನು ಮಗಳಿಗೆ ಹೇಳಲಿಲ್ಲ. ಮುಚ್ಚಳಿಕೆ ಬರೆದುಕೊಟ್ಟು ಆಮೇಲೆ ದೂರದ ದೇವಸ್ಥಾನದಲ್ಲಿ ತಾಳಿ ಕಟ್ಟಿಸುವವರು ಇದ್ದಾರೆ. ಹುಡುಗಿಯ ತಾಯಿ ನಮ್ಮ ಮನೆಗೆ ಕೆಲಸಕ್ಕೆ ಬರುವುದನ್ನು ಬಿಟ್ಟಳು. ಒಂದು ದಿನ ಆ ಅಪ್ಪ ಬಂದು, ಮದುವೆಯೇ ಆಗದ ಮೇಲೆ ಮುಯ್ಯಿ ಯಾಕೆ ಎಂದು, ನಾನು ಕಳಿಸಿದ ಹತ್ತು ಸಾವಿರವನ್ನು ಜಗಲಿಯ ಮೇಲಿಟ್ಟು, ನೀರು ಕೂಡ ಕುಡಿಯದೆ ಹೋದನಂತೆ. ಆ ದುಡ್ಡು ಅಮ್ಮನ ಸಾಸಿವೆ ಡಬ್ಬಿಯಲ್ಲಿತ್ತು.

ಈಗ ನಮ್ಮ ನಿಮ್ಮ ವಿಷಯ. ನಾವು ದೂರದಲ್ಲಿದ್ದೇವೆ, ಆದರೆ ಚಪ್ಪರದ ಆ ನೋಟ್‌ಬುಕ್ಕಿನಲ್ಲಿ ನಮ್ಮ ಹೆಸರಿದೆ, ಅದೂ ಸಾಮಾನ್ಯವಾಗಿ ಮೊದಲ ಪುಟದಲ್ಲಿ. ಕೆಲಸದವರ ಮಗಳು, ಗುತ್ತಿಗೆಗೆ ಹೊಲ ಮಾಡುವವರ ಮಗಳು, ದೂರದ ಸಂಬಂಧಿಯ ಮಗಳು, ಯಾರದೇ ಮದುವೆಗೆ ಸಹಾಯ ಕೇಳಿದರೂ ಮೊದಲು "ಎಷ್ಟನೇ ಕ್ಲಾಸು ಓದಿದಾಳೆ, ಈಗೆಷ್ಟು ವಯಸ್ಸು?" ಎಂದು ಕೇಳಿ. ಇದರಲ್ಲಿ ಒರಟುತನವೇನೂ ಇಲ್ಲ, ಹಿರಿಯರು ಸಹಜವಾಗಿ ಕೇಳುವ ಮಾತೇ. ಕಡಿಮೆ ಎಂದಾದರೆ, ಅಷ್ಟೇ ದುಡ್ಡನ್ನು ಓದಿಗೆ, ಓಡಾಟಕ್ಕೆ, ಹಾಸ್ಟೆಲ್ಲಿಗೆ ಕೊಡುತ್ತೇನೆ ಎನ್ನಿ. ಬರೀ ಬೇಡ ಎಂದು ಫೋನಿಟ್ಟರೆ ಮದುವೆ ನಿಲ್ಲುವುದಿಲ್ಲ, ಕರೆಯೋಲೆ ಮಾತ್ರ ನಿಲ್ಲುತ್ತದೆ. ಇನ್ನು ದೂರು ಕೊಡಲೇಬೇಕಾದ ಸಂದರ್ಭ ಬಂದರೆ ಊರಿನ ಪಿಡಿಒ, ಅಂಗನವಾಡಿಯವರು, ಶಾಲೆಯ ಮೇಷ್ಟ್ರು ಇವರಲ್ಲಿ ಒಬ್ಬರ ನಂಬರಾದರೂ ನಿಮ್ಮ ಹತ್ತಿರ ಇರಲಿ.

ಮಕ್ಕಳಿಗೆ ಹೇಳುವಾಗ ಎರಡು ಗುಂಡಿಗಳಿವೆ, ನಾನು ಎರಡರಲ್ಲೂ ಬಿದ್ದಿದ್ದೇನೆ. ಒಂದು, "ಆಗಿನ ಕಾಲ ಹಾಗಿತ್ತು" ಎಂದು ಸವರಿಬಿಡುವುದು. ಇನ್ನೊಂದು, "ನಮ್ಮ ದೇಶವೇ ಹಾಗೆ" ಎಂದು ತಲೆ ತಗ್ಗಿಸುವುದು. ಎರಡನೆಯದಕ್ಕೆ ಮದ್ದು ಸುಲಭ. ಇದೇ ಇಂಗ್ಲೆಂಡಿನಲ್ಲಿ 2023ರ ಫೆಬ್ರವರಿವರೆಗೆ ತಂದೆ ತಾಯಿ ಒಪ್ಪಿದರೆ 16ಕ್ಕೆ ಮದುವೆಯಾಗಬಹುದಿತ್ತು. ಈಗ 18, ಮಗುವನ್ನು ಬೇರೆ ದೇಶಕ್ಕೆ ಕರೆದೊಯ್ದು ಮಾಡಿಸಿದರೂ ಅಪರಾಧ. ಅಮೆರಿಕದಲ್ಲಿ ಮೊದಲ ಬಾರಿಗೆ ಒಂದು ರಾಜ್ಯ, ಡೆಲವೇರ್, ಯಾವ ವಿನಾಯಿತಿಯೂ ಇಲ್ಲದೆ 18 ಎಂದದ್ದು 2018ರಲ್ಲಿ. ಇದನ್ನು ಹೇಳಿದಾಗ ಮಗಳು, "ಹಾಗಾದ್ರೆ ಇಲ್ಲಿಯೋರೂ ಕೊಡ್ತಿದ್ರಾ?" ಎಂದಳು. 'ಕೊಡುವುದು' ಎಂಬ ಪದ ಅವಳ ತಲೆಯಿಂದ ಹೋಗುವುದಿಲ್ಲ.

ಮೊದಲನೆಯದಕ್ಕೆ ಮದ್ದು ಕಷ್ಟ, ಅದಕ್ಕೆ ಕನ್ನಡ ಬೇಕು. ನಮ್ಮ ಮಕ್ಕಳು ಹಕ್ಕು, ಒಪ್ಪಿಗೆ, ಕಾನೂನು ಎಂಬುದನ್ನೆಲ್ಲ ಶಾಲೆಯಲ್ಲಿ ಆ ದೇಶದ ಭಾಷೆಯಲ್ಲಿ ಕಲಿಯುತ್ತಾರೆ. ಮನೆಯ ಕನ್ನಡ ಊಟ, ಸ್ನಾನ, ಶೂ ಹಾಕ್ಕೋ ಎನ್ನುವುದರಲ್ಲೇ ನಿಂತುಬಿಡುತ್ತದೆ. ಹಾಗೆ ಬಿಟ್ಟರೆ ನ್ಯಾಯದ ಮಾತು ಆಡಲು ಕನ್ನಡದಲ್ಲಿ ಪದಗಳೇ ಇಲ್ಲವೇನೋ ಎಂದು ಅವರಿಗೆ ಅನಿಸುತ್ತದೆ, ಅಜ್ಜಿಯ ಜೊತೆ ಇಂಥ ಮಾತು ಆಡಲು ಆಗುವುದೇ ಇಲ್ಲ. ನಾವೀಗ ಊಟದ ಮೇಜಿನಲ್ಲಿ ಒಪ್ಪಿಗೆ, ಹಕ್ಕು, ಬಲವಂತ, ವಯಸ್ಸಿಗೆ ಬರುವುದು ಎಂಬ ಪದಗಳನ್ನು ಬಳಸುತ್ತಿದ್ದೇವೆ. ಏಳು ವರ್ಷದ ಮಗನಿಗೆ ಇಷ್ಟೇ ಹೇಳಿದ್ದೇನೆ: ಅಜ್ಜಿಗೆ ಓದಲು ಇಷ್ಟವಿತ್ತು, ದೊಡ್ಡವರು ಕೇಳದೆ ಬಿಡಿಸಿದರು, ಅದು ತಪ್ಪು. ಅವನ ವಯಸ್ಸಿಗೆ ಅಷ್ಟು ಸಾಕು. ತಾತನನ್ನು ಅವನು ಪ್ರೀತಿಯಿಂದ ನೆನೆಯುತ್ತಾನೆ, ಅದನ್ನು ಕೆಡಿಸುವುದು ನನಗೆ ಬೇಕಿಲ್ಲ. ತಾತನಿಗೂ ಆಗ ಇಪ್ಪತ್ತೊಂದೇ ವರ್ಷ, ಅವರನ್ನೂ ಯಾರೂ ಕೇಳಿರಲಿಲ್ಲ.

ಕಳೆದ ವಾರ ಅಮ್ಮ ಫೋನು ಮಾಡಿದ್ದಳು. ಹುಡುಗಿ ಒಂದು ಸಂಜೆ ತಾನೇ ಹಿತ್ತಿಲ ಬಾಗಿಲಿಗೆ ಬಂದು ನಿಂತಿದ್ದಳಂತೆ. ಮತ್ತೆ ಪಿಯುಸಿಗೆ ಸೇರುವ ಆಸೆ. ಮೆಟ್ರಿಕ್ ನಂತರದ ಬಾಲಕಿಯರ ಸರ್ಕಾರಿ ಹಾಸ್ಟೆಲ್ಲಿಗೆ ಅರ್ಜಿ ಹಾಕಬೇಕು, ಸೀಟು ಸಿಗುತ್ತದೋ ಇಲ್ಲವೋ ತಿಳಿಯದು. ಅಪ್ಪ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಅರ್ಜಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಂತೆ. ಸೋಮವಾರ ಬೆಳಗಿನ ಬಸ್ಸಿಗೆ ಅಮ್ಮ ಅವಳನ್ನು ಕರೆದುಕೊಂಡು ನಾಡಕಚೇರಿಗೆ ಹೋಗುತ್ತಿದ್ದಾಳೆ. ಸಾಸಿವೆ ಡಬ್ಬಿಯ ದುಡ್ಡು ಜೊತೆಗಿದೆ.